ಗಡಿಯಲ್ಲಿ ನಿಂತುಹೋಗುವ ನಕ್ಷೆ

ಕನ್ನಡ ಶಾಲೆಗಳ ಸಮಾಜ ವಿಜ್ಞಾನದಲ್ಲಿ ನಕ್ಷೆಯ ಪ್ರಶ್ನೆಗೆ ಸಂದಿರುವ ಗೌರವ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಭಾರತದ ಬಾಹ್ಯರೇಖಾ ನಕ್ಷೆಯನ್ನು, ಅಂದರೆ ಒಳವಿವರಗಳಿಲ್ಲದ ಗಡಿಗೆರೆಯ ಚಿತ್ರವನ್ನು, ಬರೆದು ಅದರೊಳಗೆ ಕರ್ಕಾಟಕ ಸಂಕ್ರಾಂತಿ ವೃತ್ತ, 82½° ಪೂರ್ವ ರೇಖಾಂಶ, ಭಾಕ್ರಾ ನಂಗಲ್, ಕಾಂಡ್ಲಾ ಮೊದಲಾದವನ್ನು ಗುರುತಿಸಿದ ವಿದ್ಯಾರ್ಥಿಗೆ ನಕ್ಷೆ ಓದಲು ಬರುತ್ತದೆಂದು ಶಿಕ್ಷಕರೂ ಪೋಷಕರೂ ನಂಬಿಕೊಂಡು ಬಂದಿದ್ದಾರೆ. ಅಲ್ಲಿ ನಡೆಯುವುದು ನೆನಪಿನಲ್ಲಿರುವ ಹೆಸರನ್ನು ನೆನಪಿನಲ್ಲಿರುವ ಜಾಗದಲ್ಲಿಡುವ ಕೆಲಸ ಮಾತ್ರ. ನಕ್ಷೆಯನ್ನು ಓದುವುದೆಂದರೆ ಹಾಳೆಯ ಮೇಲಿನ ಗೆರೆ, ಬಣ್ಣ, ಸಂಕೇತಗಳಿಂದ ಅಲ್ಲಿ ಬರೆದಿಲ್ಲದ ಸಂಗತಿಯನ್ನು, ಅಂದರೆ ದಿಕ್ಕನ್ನು, ದೂರವನ್ನು, ಇಳಿಜಾರನ್ನು, ಒಂದೆಡೆ ನಡೆದದ್ದು ಇನ್ನೊಂದೆಡೆ ಯಾವಾಗ ಮುಟ್ಟೀತೆಂಬುದನ್ನು, ತರ್ಕಿಸಿ ತಿಳಿಯುವುದು.

ಹಿಂದುಳಿದ ವಿದ್ಯಾರ್ಥಿಗೆ ಈ ಪ್ರಶ್ನೆ ಖಚಿತ ಅಂಕ ತಂದುಕೊಡುತ್ತದೆ, ಅದರಿಂದಲೇ ಶಿಕ್ಷಕರು ಸಿದ್ಧಪಡಿಸುವ ‘ಪಾಸಿಂಗ್ ಪ್ಯಾಕೇಜ್’ಗಳಲ್ಲಿ ಅದಕ್ಕೆ ಮುಂಚೂಣಿಯ ಸ್ಥಾನವಿದೆ ಎಂಬುದು ನಿಜ. ಆ ಉಪಕಾರವನ್ನು ಒಪ್ಪಿಯೂ ಅದನ್ನು ಭೂಗೋಳದ ಕಲಿಕೆ ಎನ್ನಲಾಗದು.

ಈ ಮಾತನ್ನು ಒರೆಗೆ ಹಚ್ಚಲು ಒಂದು ಊರು ಸಾಕು. ಪುಣೆ ಜಿಲ್ಲೆಯ ದೌಂಡ ಭೀಮಾ ನದಿಯ ದಡದಲ್ಲಿದೆ. ಕಲಬುರಗಿ, ಸೊಲ್ಲಾಪುರಗಳ ಕಡೆಯಿಂದ ಬರುವ ರೈಲುಹಳಿ ಇಲ್ಲಿ ಕವಲೊಡೆದು ಒಂದೆಡೆ ಪುಣೆಗೂ ಇನ್ನೊಂದೆಡೆ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ), ಮನ್ಮಾಡಗಳಿಗೂ ಸಾಗುವುದರಿಂದ, ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್‌ನ ಪ್ರಯಾಣಿಕರಿಗೂ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್‌ನವರಿಗೂ ಈ ಹೆಸರು ಹೊಸದಲ್ಲ. ಆದರೂ ಭೀಮಾತೀರದ ಕನ್ನಡಿಗರು ರೈಲಿಗಿಂತ ಮೊದಲು ಗಮನಿಸಬೇಕಾದದ್ದು ಅಲ್ಲಿನ ನೀರನ್ನು. ಭೀಮಾಶಂಕರದಲ್ಲಿ ಹುಟ್ಟಿದ ನದಿಗೆ, ಖಡಕ್‌ವಾಸ್ಲಾ ಜಲಾಶಯದ ನೀರನ್ನೂ ಹೊತ್ತು ಪುಣೆ ನಗರವನ್ನು ಹಾದು ಬರುವ ಮುಳಾ-ಮುಠಾ ನದಿ ದೌಂಡಕ್ಕಿಂತ ಮೇಲೆಯೇ ಕೂಡಿಕೊಳ್ಳುತ್ತದೆ. ಹಾಗಾಗಿ ದೌಂಡದ ಕೆಳಗಿರುವ ಉಜನಿ ಜಲಾಶಯಕ್ಕೆ ಎಷ್ಟು ನೀರು ಬರುತ್ತಿದೆಯೆಂದು ತಿಳಿಯಲು ಹರಿವನ್ನು ದೌಂಡದಲ್ಲಿ ಅಳೆಯುತ್ತಾರೆ. ಸೊಲ್ಲಾಪುರ ಜಿಲ್ಲೆಯ ರೈತರು ಮಳೆಗಾಲದಲ್ಲಿ ‘ದೌಂಡ ವಿಸರ್ಗ’ (ದೌಂಡದಲ್ಲಿ ಅಳೆದ ನೀರಿನ ಹರಿವು) ಎಷ್ಟು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ, ಎಂದು ವಿಚಾರಿಸುತ್ತಾರೆ. ಸುಮಾರು 117 ಟಿಎಂಸಿ (ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ) ಹಿಡಿಯುವ ಉಜನಿ ತುಂಬಿದ ಮೇಲೆ ಹೊರಬಿಟ್ಟ ನೀರು ಪಂಢರಪುರವನ್ನು ದಾಟಿ, ವಿಜಯಪುರ ಜಿಲ್ಲೆಯ ಅಂಚನ್ನು ಸವರಿ, ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ಹಳ್ಳಿಗಳಿಗೆ ನುಗ್ಗಿದ್ದು ಇದೇ ನದಿ.

ಈಗ ಶಾಲೆಯ ಗೋಡೆಯ ಮೇಲಿನ ಕರ್ನಾಟಕದ ನಕ್ಷೆಯಲ್ಲಿ ಈ ನದಿಯನ್ನು ನೋಡಬೇಕು. ರಾಜ್ಯದ ಗಡಿಯಾಚೆ ‘ಮಹಾರಾಷ್ಟ್ರ’ ಎಂದು ಬರೆದ ಬಿಳಿಯ ಜಾಗವಿರುತ್ತದೆ. ಆ ಬಿಳುಪಿನಿಂದ ಒಂದು ನೀಲಿ ಗೆರೆ ಏಕಾಏಕಿ ಹೊರಟು ಕೃಷ್ಣೆಯನ್ನು ಸೇರುತ್ತದೆ. ಉಜನಿ ಇಲ್ಲ, ದೌಂಡ ಇಲ್ಲ, ಸಹ್ಯಾದ್ರಿಯ ಮಳೆ ಇಲ್ಲ. ಅತ್ತ ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯ ಕನ್ನಡ ಪಠ್ಯಪುಸ್ತಕಗಳನ್ನು. ಆ ರಾಜ್ಯದ ನಕ್ಷೆಯಲ್ಲಿ ಅದೇ ಭೀಮೆ ಗಡಿ ಮುಟ್ಟಿದೊಡನೆ ಮುಗಿದುಹೋಗುತ್ತದೆ. ಸುಮಾರು 861 ಕಿಲೋಮೀಟರ್ ಹರಿಯುವ ನದಿಯೊಂದನ್ನು ಒಂದೇ ಭಾಷೆಯ ಮಕ್ಕಳು ಎರಡು ತುಂಡಾಗಿ ಕಲಿಯುತ್ತಾರೆ, ಯಾವ ತುಂಡಿನಿಂದಲೂ ಪ್ರವಾಹದ ಕಾರಣವನ್ನು ಊಹಿಸಲಾಗದು.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆ, ಅಂದರೆ ನೆಲದ ಏರಿಳಿತ, ಹಳ್ಳ, ದಾರಿ, ಊರುಗಳನ್ನೆಲ್ಲ ಅಳತೆಗೆ ತಕ್ಕಂತೆ ತೋರಿಸುವ ಟೋಪೋಶೀಟ್, ಈ ಕುರುಡುತನಕ್ಕೆ ಎಡೆಗೊಡುವುದಿಲ್ಲ. ಅದರ ಬಹುಕಾಲದ ಸಂಖ್ಯಾಕ್ರಮವೇ ಒಂದು ಪಾಠ. ನಾಲ್ಕು ಡಿಗ್ರಿ ಅಕ್ಷಾಂಶ, ನಾಲ್ಕು ಡಿಗ್ರಿ ರೇಖಾಂಶದ ಚೌಕಕ್ಕೆ ಒಂದು ಸಂಖ್ಯೆ. 16°ಯಿಂದ 20° ಉತ್ತರ, 72°ಯಿಂದ 76° ಪೂರ್ವದವರೆಗಿನದು 47. ಅದನ್ನು ಒಂದೊಂದು ಡಿಗ್ರಿಯ ಹದಿನಾರು ಭಾಗ ಮಾಡಿ, ವಾಯವ್ಯ ಮೂಲೆಯಿಂದ ತೊಡಗಿ ಕಂಬಸಾಲಿನಲ್ಲಿ ಕೆಳಗಿಳಿಯುತ್ತ ಎ, ಬಿ, ಸಿ ಎಂದು ಹೆಸರಿಸುತ್ತಾರೆ. ಪ್ರತಿ ಅಕ್ಷರದ ಚೌಕವನ್ನು ಹದಿನೈದು ಮಿನಿಟಿನ ಹದಿನಾರು ಹಾಳೆಗಳಾಗಿ ಅದೇ ಕ್ರಮದಲ್ಲಿ ಎಣಿಸುತ್ತಾರೆ. ದೌಂಡ ಸುಮಾರು 18°28′ ಉತ್ತರ, 74°35′ ಪೂರ್ವದಲ್ಲಿದೆಯೆಂದು ತಿಳಿದ ವಿದ್ಯಾರ್ಥಿ, ಯಾರನ್ನೂ ಕೇಳದೆ, ಅದು 47ಜೆ/11ರಲ್ಲಿದೆಯೆಂದು ಲೆಕ್ಕ ಹಾಕಬಲ್ಲ. ಉಜನಿ 47ಎನ್, ಪಂಢರಪುರ 47ಒ, ವಿಜಯಪುರ 47ಪಿ, ಕಲಬುರಗಿ ಪಕ್ಕದ 56ಸಿ. ಹಾಳೆಗಳನ್ನು ಜೋಡಿಸುವ ಮೊದಲೇ ನದಿಯ ಆಗ್ನೇಯ ಮುಖದ ಓಟ ಈ ಅಕ್ಷರಗಳಲ್ಲಿ ಕಾಣಿಸಿಕೊಳ್ಳುತ್ತದೆ. ದೌಂಡವೂ ವಿಜಯಪುರವೂ ಒಂದೇ 47ರ ಮಕ್ಕಳೆಂಬುದು ರಾಜ್ಯದ ನಕ್ಷೆ ಎಂದೂ ಹೇಳಿಕೊಡದ ಸಂಗತಿ.

ಹಾಳೆಯೊಳಗೆ ಇನ್ನೂ ಇದೆ. 1:50,000 ಪ್ರಮಾಣದಲ್ಲಿ ಎರಡು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಸಮೋನ್ನತಿ ರೇಖೆಗಳು, ಅಂದರೆ ಸಮುದ್ರಮಟ್ಟದಿಂದ ಒಂದೇ ಎತ್ತರವಿರುವ ಜಾಗಗಳನ್ನು ಕೂಡಿಸುವ ಗೆರೆಗಳು, ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ಬಿಡಿಬಿಡಿಯಾಗಿದ್ದರೆ ಬಯಲು. ಹಳ್ಳವನ್ನು ದಾಟುವಾಗ ಅವು ಮೊನೆಯಾಗಿ ಬಾಗಿ, ಆ ಮೊನೆ ಯಾವಾಗಲೂ ಹಳ್ಳದ ಮೂಲದ ಕಡೆಗೆ ಚಾಚಿರುತ್ತದೆ. ಇಷ್ಟು ತಿಳಿದವನಿಗೆ ನೀರು ಹರಿಯುವ ದಿಕ್ಕನ್ನು ತೋರಿಸುವ ಬಾಣದ ಗುರುತು ಬೇಕಾಗುವುದಿಲ್ಲ. ಬಾಹ್ಯರೇಖಾ ನಕ್ಷೆಯಲ್ಲಿ ಹತ್ತು ವರ್ಷ ಚುಕ್ಕೆಯಿಟ್ಟರೂ ಈ ಒಂದು ತೀರ್ಮಾನಕ್ಕೆ ಬರುವ ಶಕ್ತಿ ಹುಟ್ಟದು.

ಫೋನಿನಲ್ಲೇ ದಾರಿ ಸಿಗುವಾಗ ಇದೆಲ್ಲ ಏಕೆ ಎನ್ನುವವರಿಗೆ ಉತ್ತರ ಚಿಕ್ಕದು: ಫೋನು ಹೋಗುವವನಿಗೆ ದಾರಿ ತೋರಿಸುತ್ತದೆ, ಬರುವ ನೀರಿನ ದಾರಿಯನ್ನು ಅವನು ತಾನೇ ಓದಿಕೊಳ್ಳಬೇಕು. ಇವರಿಗಿಂತ ಗಂಭೀರವಾಗಿ ಎದುರಿಸಬೇಕಾದದ್ದು ‘ಹತ್ತಿರದಿಂದ ದೂರಕ್ಕೆ’ ಎಂಬ ತತ್ತ್ವವನ್ನು ಮುಂದಿಡುವ ಶಿಕ್ಷಣ ಚಿಂತಕರನ್ನು. ಶಿಕ್ಷಣತಜ್ಞ ಪೆಸ್ಟಲೋಜಿಯ ಕಾಲದಿಂದ ಬಂದ ಈ ತತ್ತ್ವಕ್ಕೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅನಂತರ ಹೊಸ ಕಳೆ ಬಂದಿದೆ. ಮಗು ತನ್ನ ಪರಿಸರದಿಂದ ಕಲಿಯಬೇಕೆಂಬ ಅದರ ಮೂಲ ಆಶಯದಲ್ಲಿ ದೋಷವಿಲ್ಲ. ದೋಷವಿರುವುದು ಹತ್ತಿರವನ್ನು ಅಳೆಯುವ ಕೋಲಿನಲ್ಲಿ. ತರಗತಿ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ ಎಂದು ಸಾಗುವ ಕ್ರಮ ದೂರದ ಕ್ರಮವೇ ಅಲ್ಲ, ಅದು ಕಂದಾಯ ಆಡಳಿತದ ಕ್ರಮ. ಅಫಜಲಪುರದ ಹುಡುಗಿಗೆ ಸೊಲ್ಲಾಪುರದ ಸಂತೆ, ಆಸ್ಪತ್ರೆಗಳು ಬೆಂಗಳೂರಿಗಿಂತ ಎಷ್ಟೋ ಪಾಲು ಹತ್ತಿರ; ಆದರೂ ಪಾಠದಲ್ಲಿ ಅವಳು ಬೆಂಗಳೂರು, ಚಾಮರಾಜನಗರಗಳನ್ನು ದಾಟಿ ರಾಜ್ಯ ಮುಗಿಸಿದ ಮೇಲೆ ಸೊಲ್ಲಾಪುರಕ್ಕೆ ಬರಬೇಕು. ಸ್ಥಳೀಯತೆಯ ಹೆಸರಿನಲ್ಲಿ ಅವಳ ನಿಜವಾದ ನೆರೆಯನ್ನೇ ಕಿತ್ತುಕೊಳ್ಳುವ ಈ ಕ್ರಮವನ್ನು ಮಕ್ಕಳ ಪರವೆಂದು ಸಮರ್ಥಿಸುವ ಬರಹಗಳು ಒಂದು ಜಲಾನಯನ ಪ್ರದೇಶವನ್ನು, ಅಂದರೆ ಒಂದೇ ನದಿಗೆ ನೀರು ಹರಿಸುವ ನೆಲವನ್ನು, ಕಲಿಕೆಯ ಘಟಕವಾಗಿ ಎಣಿಸಿಯೇ ಇಲ್ಲ. ಕನ್ನಡದ ಗಡಿ ಜಿಲ್ಲೆಗಳಿಗೆ ಆ ತತ್ತ್ವ ಅನ್ಯಾಯವನ್ನೇ ಮಾಡಿದೆ.

ಹತ್ತನೆಯ ತರಗತಿಗೆ ಟೋಪೋಶೀಟ್ ಭಾರವಾದೀತೆಂಬ ಆಕ್ಷೇಪ ನಿಲ್ಲುವಂಥದ್ದಲ್ಲ. ಐಸಿಎಸ್‌ಇ ಪಠ್ಯಕ್ರಮದ ಅದೇ ವಯಸ್ಸಿನ ಮಕ್ಕಳು ಪರೀಕ್ಷೆಯಲ್ಲಿ ಅದನ್ನು ಓದುತ್ತಾರೆ. ಆದರೆ ಅಲ್ಲಿಯೂ ಹಲವು ವರ್ಷ 45ಡಿ/7, 45ಡಿ/10 ಎಂಬ ರಾಜಸ್ಥಾನ-ಗುಜರಾತ್ ಗಡಿಭಾಗದ ಹಾಳೆಗಳನ್ನೇ ನಿಗದಿಮಾಡಿದ್ದರಿಂದ ಓದು ಮತ್ತೆ ಕಂಠಪಾಠದ ಕಡೆಗೆ ಜಾರಿತು. ನಮ್ಮಲ್ಲಿ ಆ ತಪ್ಪು ಮರುಕಳಿಸಬೇಕಿಲ್ಲ. ಸರ್ವೇಕ್ಷಣಾ ಇಲಾಖೆ 2017ರಿಂದ ಸಾರ್ವಜನಿಕ ಬಳಕೆಯ ಹಾಳೆಗಳನ್ನು ಉಚಿತವಾಗಿ ಒದಗಿಸುತ್ತಿದೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ವರ್ಷ ಮಕ್ಕಳು ಮೊದಲು ನೋಡಿರದ ಒಂದು ಹಾಳೆಯ ತುಣುಕನ್ನು ಅಚ್ಚುಮಾಡಿ, ನೀರು ಯಾವ ಕಡೆಗೆ ಹರಿಯುತ್ತದೆ, ಯಾವ ಊರು ಮೊದಲು ಮುಳುಗುತ್ತದೆ ಎಂದು ಕೇಳಬೇಕು. ಕಲಬುರಗಿ, ಯಾದಗಿರಿ, ವಿಜಯಪುರಗಳ ಶಾಲೆಗಳ ಗೋಡೆಗೆ ರಾಜ್ಯದ ನಕ್ಷೆಯ ಪಕ್ಕದಲ್ಲಿ ಭೀಮಾಶಂಕರದಿಂದ ಕೃಷ್ಣಾ ಸಂಗಮದವರೆಗಿನ ಭೀಮಾ ಕಣಿವೆಯ ನಕ್ಷೆಯನ್ನು, ದೌಂಡವನ್ನು ಗುರುತಿಸಿ, ಶಿಕ್ಷಣ ಇಲಾಖೆ ತೂಗುಹಾಕಬೇಕು.