ಒತ್ತುವ ಹೊತ್ತು

ಎಲೆಕ್ಟ್ರಿಕ್ ಗಿಟಾರಿನ ಸಲಕರಣೆಗಳ ಬಗ್ಗೆ ಬರೆಯುವವರು ಕೆಲವು ವರ್ಷಗಳಿಂದ ಒಂದೇ ರಾಗ ಹಾಡುತ್ತಿದ್ದಾರೆ. ಕ್ಲೀನ್ ಸದ್ದಿನಿಂದ ಡಿಸ್ಟಾರ್ಷನ್‌ಗೆ ಹೋಗಲು ನಾಲ್ಕು ಪೆಡಲ್‌ಗಳ ಮೇಲೆ ಕುಣಿಯಬೇಕಾದ ಕಾಲ ಮುಗಿಯಿತಂತೆ. ಪ್ರೋಗ್ರಾಮ್ ಮಾಡಿಟ್ಟುಕೊಳ್ಳುವ ಲೂಪ್ ಸ್ವಿಚರ್ ಇದ್ದರೆ ಒಂದು ಒತ್ತು ಸಾಕು, ಉಳಿದದ್ದೆಲ್ಲ ತಾನಾಗಿ ಆಗುತ್ತದಂತೆ. ಈ ಹೊಗಳಿಕೆ ಅತಿಯಾಯಿತು. ಆ ಸಾಧನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಅದು ಬಗೆಹರಿಸುವುದು ವಾದಕನ ಸಣ್ಣ ತೊಂದರೆಯನ್ನು. ದೊಡ್ಡ ತೊಂದರೆಯನ್ನು ಅದು ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ.

ಇತಿಹಾಸ ಬಲ್ಲವರಿಗೆ ಈ ಸಾಧನ ಹೊಸದೇನೂ ಅಲ್ಲ. 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಬಾಬ್ ಬ್ರಾಡ್‌ಶಾ ಒಂದೊಂದು ಪೆಡಲನ್ನೂ ಅದರದೇ ಲೂಪಿಗೆ ಸೇರಿಸಿ, ರಿಲೇಗಳ ಮೂಲಕ ಒಂದೇ ಒತ್ತಿಗೆ ಹಲವನ್ನು ಒಳಗೆ ಹೊರಗೆ ಮಾಡುವ ವ್ಯವಸ್ಥೆ ಕಟ್ಟಿಕೊಟ್ಟರು. ಸ್ಟೀವ್ ಲುಕಥರ್‌ನಂಥ ಸ್ಟುಡಿಯೊ ಗಿಟಾರ್ ವಾದಕರಿಗೆ ಅದು ಬೇಕಿತ್ತು. ಬೆಳಿಗ್ಗೆ ಒಬ್ಬರ ರೆಕಾರ್ಡಿಂಗ್, ಸಂಜೆ ಇನ್ನೊಬ್ಬರದು. ಕೇಳಿದ ಸದ್ದನ್ನು ಕೇಳಿದ ಕ್ಷಣಕ್ಕೆ ಕೊಡುವುದೇ ಅವರ ಉದ್ಯೋಗ. 2015ರಲ್ಲಿ ಬಾಸ್ ಕಂಪನಿಯ ಇಎಸ್-8 ಬಂದಾಗ ಆ ಸೌಕರ್ಯ ಎಂಟು ಲೂಪ್‌ಗಳ ಒಂದು ಪೆಟ್ಟಿಗೆಯಾಗಿ ಸಾಮಾನ್ಯ ವಾದಕನ ಕಾಲಬುಡಕ್ಕೂ ಬಂತು. ಇವೆಲ್ಲಕ್ಕೂ ಮುಂಚೆ ಎರಡು ಚಾನೆಲ್‌ನ ಆಂಪ್‌ಗಳು ಇದೇ ಆಸೆ ತೋರಿಸಿದ್ದವು. ರಾಂಡಲ್ ಸ್ಮಿತ್ ಅವರ ಮೆಸಾ ಬೂಗಿ ಮಾರ್ಕ್ 2 ಆಂಪ್‌ನಲ್ಲಿ ಕಾಲಿನಿಂದ ಚಾನೆಲ್ ಬದಲಿಸಬಹುದಿತ್ತು. ಆದರೆ ಬಾಸ್, ಮಿಡಲ್, ಟ್ರೆಬಲ್ ನಾಬ್‌ಗಳು ಎರಡಕ್ಕೂ ಸೇರಿ ಒಂದೇ ಜೊತೆ. ಡಿಸ್ಟಾರ್ಷನ್ ಬಿಗಿಯಾಗಲಿ ಎಂದು ಬಾಸ್ ಇಳಿಸಿದರೆ ಕ್ಲೀನ್ ಸೊರಗುತ್ತಿತ್ತು. ಇದಿಷ್ಟು ಸಾಕು.

ನನಗೆ ಮುಖ್ಯವಾದದ್ದು ಬೇರೆ. ಸದ್ದು ಬದಲಾಗುವ ಆ ಗಳಿಗೆ ಸಂಗೀತದ ಭಾಗವೋ, ಇಲ್ಲಾ ಬರೀ ಸೌಕರ್ಯದ ವಿಷಯವೋ? ಇದನ್ನು ನೋಡಲು ರೇಡಿಯೊಹೆಡ್ ತಂಡದ 'ಕ್ರೀಪ್' ಹಾಡಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1992ರಲ್ಲಿ ಬಂದ ಹಾಡು. ಎಲ್ಲರೂ ಕೇಳಿದ್ದಾರೆ, ಕೇಳಿ ಕೇಳಿ ಬೇಸರಪಟ್ಟವರೂ ಇದ್ದಾರೆ. ಅದರ ಕಟ್ಟಡವನ್ನು ಒಮ್ಮೆ ನೋಡಿ. ಜಿ ಮೇಜರ್, ಬಿ ಮೇಜರ್, ಸಿ ಮೇಜರ್, ಸಿ ಮೈನರ್. ಈ ನಾಲ್ಕು ಕಾರ್ಡ್‌ಗಳೇ ಮೊದಲಿನಿಂದ ಕೊನೆಯವರೆಗೆ ಸುತ್ತುತ್ತವೆ. ಚರಣಕ್ಕೂ ಅವೇ, ಪಲ್ಲವಿಗೂ ಅವೇ, ನಡುವೆ ಹಾಡುಗಾರ ಮೇಲಕ್ಕೇರಿ ಕೂಗುವಲ್ಲೂ ಅವೇ. ಸಾಮಾನ್ಯವಾಗಿ ಪಲ್ಲವಿ ಬಂತೆಂದು ಕಿವಿಗೆ ಹೇಳುವುದು ಹೊಸ ಕಾರ್ಡ್. ಇಲ್ಲಿ ಅಂಥದ್ದೊಂದೂ ಇಲ್ಲ. ಚರಣದಲ್ಲಿ ಕ್ಲೀನ್ ಗಿಟಾರ್ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತದೆ, ಪಲ್ಲವಿಯಲ್ಲಿ ಅದೇ ಕಾರ್ಡ್‌ಗಳನ್ನು ಡಿಸ್ಟಾರ್ಷನ್ ಅಪ್ಪಳಿಸುತ್ತದೆ. ಹಾಡಿಗೆ ಒಂದು ಆಕಾರ ಬಂದಿರುವುದೇ ಸದ್ದಿನ ಈ ಬದಲಾವಣೆಯಿಂದ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ನಾಲ್ಕು ಕಾರ್ಡ್‌ಗಳ ಒಂದು ಸುತ್ತು ಮಾತ್ರ.

ಇನ್ನು ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್‌ನ ಆ ಪೆಟ್ಟುಗಳು. ಸಿ ಮೈನರ್ ನಡೆಯುತ್ತಿರುವಾಗ, ಪಲ್ಲವಿಗೆ ಇನ್ನೇನು ಕಾಲಿಡಬೇಕು ಎನ್ನುವಷ್ಟರಲ್ಲಿ, ಎಡಗೈಯ ಹಿಡಿತ ಸಡಿಲಿಸಿ ತಂತಿಗಳ ಉಸಿರು ಕಟ್ಟಿಸಿ ಬಲಗೈಯಿಂದ ಬಾರಿಸಿದ ಒರಟು ಸದ್ದು. ಅದರಲ್ಲಿ ಸ್ವರವಿಲ್ಲ. ಈ ಹಾಡು ರುಚಿಸದ ಗ್ರೀನ್‌ವುಡ್ ಅದನ್ನು ಕೆಡಿಸಲೆಂದೇ ಹಾಗೆ ಬಾರಿಸಿದ ಎಂದು ಜೊತೆಗಾರ ಎಡ್ ಓಬ್ರಿಯನ್ ಹೇಳಿದ್ದು ಊರಿಗೆಲ್ಲ ಗೊತ್ತು. ರಾಕ್ ಬಗ್ಗೆ ಬರೆಯುವವರಿಗೆ ಆ ಕಥೆ ಎಷ್ಟು ಹಿಡಿಸಿದೆಯೆಂದರೆ, ಅದನ್ನು ಹೇಳಿ ಮುಗಿಸಿದ ಮೇಲೆ ಸದ್ದನ್ನು ಕೇಳುವ ಗೋಜಿಗೇ ಅವರು ಹೋಗುವುದಿಲ್ಲ. ಕೋಪದಿಂದ ಬಾರಿಸಿದನೋ ಪ್ರೀತಿಯಿಂದಲೋ, ಅದು ಅವನಿಗೆ ಬಿಟ್ಟದ್ದು. ಆ ಪೆಟ್ಟು ಹಾಡಿನೊಳಗೆ ಏನು ಮಾಡುತ್ತದೆ ಎಂಬುದು ವಿಮರ್ಶಕನ ಕೆಲಸ.

ಗಮನಿಸಿ ಕೇಳಿದರೆ ಆ ಪೆಟ್ಟು ಆಗಲೇ ಡಿಸ್ಟಾರ್ಟ್ ಆಗಿದೆ. ಅಂದರೆ ಡಿಸ್ಟಾರ್ಷನ್ ಶುರುವಾಗುವುದು ಪಲ್ಲವಿಯ ಮೊದಲ ತಾಳಕ್ಕಲ್ಲ, ಅದಕ್ಕೂ ಮುಂಚೆ, ಸಿ ಮೈನರ್ ಇನ್ನೂ ಮುಗಿಯದಿರುವಾಗಲೇ. ಸ್ವಿಚ್ಚಿನ ಸ್ಥಾನ ಕಾರ್ಡಿನ ಸ್ಥಾನಕ್ಕಿಂತ ಮುಂಚೆಯೇ ಬಂದಿದೆ. ಹಾಗಾಗಿ ಕೇಳುಗನಿಗೆ ಮೊದಲು ತಲುಪುವುದು ಹೊಸ ಸದ್ದಿನ ಮೈ ಮತ್ತು ಗಾತ್ರ. ಆ ಸದ್ದು ಯಾವ ಕಾರ್ಡ್ ನುಡಿಯಲಿದೆ ಎಂಬುದು ಆಮೇಲೆ. ಹಾಗಾಗಿಯೇ ಜಿ ಮೇಜರ್ ಬಂದು ಬಿದ್ದಾಗ ಅದು ಕಿವಿಯನ್ನು ಬೆಚ್ಚಿಬೀಳಿಸುವುದಿಲ್ಲ, ಈಡೇರಿದ ಬೆದರಿಕೆಯ ಹಾಗೆ ಕೇಳುತ್ತದೆ. ಇನ್ನೊಂದು ಮಾತು. ಬೇರೆ ಗಿಟಾರ್ ಕ್ಲೀನ್ ಆಗಿ ಮುಂದುವರಿಯುತ್ತಿರುವಾಗಲೇ ಈ ಪೆಟ್ಟು ಬೀಳುವುದರಿಂದ ಒಂದು ಕ್ಷಣ ಎರಡೂ ಸದ್ದುಗಳು ಒಟ್ಟಿಗೇ ಇರುತ್ತವೆ. ಎಷ್ಟು ದುಬಾರಿ ಸ್ವಿಚರ್‌ನಲ್ಲಿ ಉಳಿಸಿಟ್ಟ ಪ್ರಿಸೆಟ್ ಆದರೂ ಈ ಕ್ಷಣವನ್ನು ತನ್ನಷ್ಟಕ್ಕೆ ಕೊಡಲಾರದು. ಅದು ಒಂದು ಸ್ಥಿತಿಯನ್ನು ಮುಗಿಸಿಯೇ ಇನ್ನೊಂದನ್ನು ಶುರುಮಾಡುತ್ತದೆ.

ರೇಡಿಯೊಹೆಡ್‌ನಲ್ಲಿ ಮೂರು ಗಿಟಾರ್ ಇವೆ, ಒಬ್ಬ ಬದಲಿಸುವಾಗ ಇನ್ನೊಬ್ಬ ಹಿಡಿದಿರುತ್ತಾನೆ. ಬೆಂಗಳೂರಿನ ಪಬ್‌ಗಳಲ್ಲಿ ಇದೇ ಹಾಡನ್ನು ಒಂದೇ ಗಿಟಾರ್ ಇಟ್ಟುಕೊಂಡು ನುಡಿಸುವುದನ್ನು ನಾನು ಕೇಳಿದ್ದೇನೆ. ಆ ಒಬ್ಬನೇ ವಾದಕ ಸ್ವಿಚರ್ ಒತ್ತಿ ಸರಿಯಾಗಿ ಪಲ್ಲವಿಯ ಮೊದಲ ತಾಳಕ್ಕೆ ಡಿಸ್ಟಾರ್ಷನ್ ತಂದರೆ ತಪ್ಪೇನೂ ಕಾಣುವುದಿಲ್ಲ. ತಾಳ ತಪ್ಪಿಲ್ಲ, ಸದ್ದು ಚೆನ್ನಾಗಿದೆ, ಆದರೂ ಹಾಡು ಏರುವುದಿಲ್ಲ. ಸಾಧಾರಣ ಪೆಡಲ್ ಒಂದನ್ನೇ ಇಟ್ಟುಕೊಂಡವನು ಬೇರೆ ದಾರಿ ಹಿಡಿಯಬಹುದು. ಸಿ ಮೈನರ್‌ನ ಕೊನೆಯ ಬಿಡಿ ಸ್ವರಗಳನ್ನು ಬಿಟ್ಟುಬಿಡಬೇಕು, ಎಡಗೈಯಿಂದ ತಂತಿಗಳನ್ನು ಮುಚ್ಚಬೇಕು, ಆ ಮೌನದಲ್ಲಿ ಕಾಲು ಒತ್ತಬೇಕು, ಕೂಡಲೇ ಸ್ವರವಿಲ್ಲದ ಪೆಟ್ಟು ಹೊಡೆಯಬೇಕು. ಪೆಡಲ್ ಟಕ್ಕೆಂದರೂ ಅದು ಪೆಟ್ಟಿನೊಳಗೇ ಕರಗುತ್ತದೆ. ಕಾಲು, ಎಡಗೈ, ಬಲಗೈ ಮೂರೂ ಸೇರಿ ಮಾಡುವ ಒಂದೇ ಚಲನೆ ಅದು. ಕಲಿಯಬೇಕಾದ ಸರಳತೆ ಎಂದರೆ ನನ್ನ ಪ್ರಕಾರ ಇದು.

ಈ ಹಾಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ನಾಲ್ಕು ಕಾರ್ಡ್‌ಗಳ ಒಳಗೆ ಒಂದು ಎಳೆ ಇದೆ: ಡಿ, ಡಿ ಶಾರ್ಪ್, ಇ, ಮತ್ತೆ ಇ ಫ್ಲಾಟ್, ಅಲ್ಲಿಂದ ಡಿ. ಅರ್ಧರ್ಧ ಸ್ವರವಾಗಿ ಏರಿ ಇಳಿಯುವ ಆ ಎಳೆಯಲ್ಲೇ ಹಾಡಿನ ಸಂಕಟವೆಲ್ಲ ಇರುವುದು. ಸಿ ಮೇಜರ್ ಹೋಗಿ ಸಿ ಮೈನರ್ ಆದದ್ದು ಡಿಸ್ಟಾರ್ಷನ್‌ನ ನಡುವೆಯೂ ಕೇಳಬೇಕು. ಆದರೆ ಡಿಸ್ಟಾರ್ಷನ್ ಹೆಚ್ಚಿದಷ್ಟೂ ಒಟ್ಟಿಗೆ ನುಡಿಯುವ ಸ್ವರಗಳು ಒಂದಕ್ಕೊಂದು ತಾಗಿ ಹೊಸ ಕಂಪನಗಳು ಹುಟ್ಟುತ್ತವೆ, ಕಾರ್ಡಿನ ಮೂರನೆಯ ಸ್ವರ ಆ ಗಲೀಜಿನಲ್ಲಿ ಮುಳುಗುತ್ತದೆ. ಇದೇ ಕಾರಣಕ್ಕೆ ನಿರ್ವಾಣ ತಂಡದ ಕರ್ಟ್ ಕೋಬೇನ್‌ನಂಥವರು ಮೂರನೆಯ ಸ್ವರವನ್ನೇ ಬಿಟ್ಟು ಪವರ್ ಕಾರ್ಡ್ ನುಡಿಸಿದರು. 'ಕ್ರೀಪ್'ನಲ್ಲಿ ಅದನ್ನು ಬಿಡುವಂತಿಲ್ಲ. ಆದ್ದರಿಂದ ಗೇನ್, ಅಂದರೆ ಡಿಸ್ಟಾರ್ಷನ್‌ನ ಪ್ರಮಾಣ, ಎಲ್ಲಿ ನಿಲ್ಲಬೇಕು ಎಂಬುದನ್ನು ಹಾಡೇ ಹೇಳುತ್ತದೆ. ಯಾರೋ ತಯಾರಿಸಿಕೊಟ್ಟ ದಪ್ಪ ಪ್ರಿಸೆಟ್ ಹಾಕಿ ನುಡಿಸುವವರ ಪಲ್ಲವಿಯಲ್ಲಿ ಮೇಜರ್ ಯಾವುದು, ಮೈನರ್ ಯಾವುದು ಎಂದು ಗೊತ್ತಾಗುವುದೇ ಇಲ್ಲ.

ಇಷ್ಟು ಹೇಳಿದರೆ ಇನ್ನೊಂದು ಪಂಗಡದವರು ತಲೆದೂಗುತ್ತಾ ಬರುತ್ತಾರೆ. ಕಾಲೇ ಬೇಡ, ಗಿಟಾರಿನ ವಾಲ್ಯೂಮ್ ನಾಬ್ ಸಾಕು ಎನ್ನುವವರು ಇವರು. ಇವರ ಜೊತೆ ನನ್ನ ತಕರಾರು ಇನ್ನೂ ಗಟ್ಟಿ, ಏಕೆಂದರೆ ಇವರು ತಂತ್ರವನ್ನು ಶೀಲದ ಮಟ್ಟಕ್ಕೆ ಏರಿಸುತ್ತಾರೆ. ನಾಬ್ ತಿರುಗಿಸುವವನು ನಿಜವಾದ ಕಲಾವಿದ, ಪೆಡಲ್ ಒತ್ತುವವನು ಸೋಮಾರಿ ಎಂಬ ಧಾಟಿ. ಜಿಮಿ ಹೆಂಡ್ರಿಕ್ಸ್‌ನ ಹೆಸರು ಬರುತ್ತದೆ, ಜೆಫ್ ಬೆಕ್‌ನ ಹೆಸರು ಬರುತ್ತದೆ. ಇಬ್ಬರೂ ಹಾಗೆ ಮಾಡಿದ್ದು ನಿಜ, ಅದು ಸುಂದರವಾಗಿರುವುದೂ ನಿಜ. 1966ರ ಫಜ್ ಫೇಸ್ ಪೆಡಲಿನ ಇನ್‌ಪುಟ್ ಇಂಪೀಡೆನ್ಸ್ ಬಹಳ ಕಡಿಮೆ. ಹಾಗಾಗಿ ಗಿಟಾರಿನ ನಾಬನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಫಜ್ ಸೋಸಿಹೋಗಿ ಹೊಳೆಯುವ ಕ್ಲೀನ್ ಬರುತ್ತದೆ. ಆದರೆ ಅದೇ ಪೆಡಲಿನ ಮುಂದೆ ಬಫರ್ ಇರುವ ಇನ್ನೊಂದು ಪೆಡಲ್ ಇಟ್ಟು ನೋಡಲಿ, ಆ ಗುಣ ಕೆಡುತ್ತದೆ. ಸಾಮಾನ್ಯವಾಗಿ ಗಿಟಾರಿನ ನಾಬ್ ಇಳಿಸಿದಾಗ ಅದರ ರೆಸಿಸ್ಟೆನ್ಸೂ ಕೇಬಲ್ಲಿನ ಕೆಪಾಸಿಟೆನ್ಸೂ ಸೇರಿ ಟ್ರೆಬಲ್ ತಿನ್ನುತ್ತವೆ, ಸದ್ದಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಒಂದರ ಹಿಂದೊಂದು ಗೇನ್ ಹಂತಗಳಿರುವ ಇಂದಿನ ಆಂಪ್‌ಗಳು ನಾಬ್ ಅರ್ಧಕ್ಕಿಳಿದರೂ ಕ್ಲೀನ್ ಆಗುವುದಿಲ್ಲ.

ಜೆಫ್ ಬೆಕ್‌ನ ವಿಷಯವೇ ಬೇರೆ. ಆತ ಪಿಕ್ ಬಿಟ್ಟು ಬರಿಬೆರಳಲ್ಲಿ ನುಡಿಸುತ್ತಿದ್ದ, ಸ್ಟ್ರಾಟೊಕಾಸ್ಟರ್‌ನ ನಾಬ್ ಕಿರುಬೆರಳಿಗೆ ಎಟುಕುವಲ್ಲೇ ಇರುತ್ತದೆ. ಪಿಕ್ ಹಿಡಿದು ಲೆಸ್ ಪಾಲ್ ನುಡಿಸುವ ಹುಡುಗಿಗೆ ಬೆಕ್‌ನನ್ನು ತೋರಿಸಿ ನಾಚಿಕೆಪಡಿಸುವುದು ಅನ್ಯಾಯ. ಎಲ್ಲಕ್ಕಿಂತ ಹೆಚ್ಚಾಗಿ, ನಾಬ್‌ನ ದಾರಿ ಇಳಿಜಾರಿನ ದಾರಿ. ಕ್ಲೀನ್‌ನಿಂದ ಡಿಸ್ಟಾರ್ಷನ್‌ಗೆ ಹೋಗುವಾಗ ನಡುವಿನ ಎಲ್ಲ ಮಬ್ಬುಗಳನ್ನೂ ದಾಟಿಯೇ ಹೋಗಬೇಕು. ಬ್ಲೂಸ್‌ಗೆ ಅದು ವರ. 'ಕ್ರೀಪ್'ಗೆ, ನಿರ್ವಾಣದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'ಗೆ ನಡುವೆ ಏನೂ ಇರಕೂಡದು. 'ಟೀನ್ ಸ್ಪಿರಿಟ್'ನಲ್ಲಿ ಗಿಟಾರ್ ಒಂಟಿಯಾಗಿ ಕ್ಲೀನ್ ಶುರುವಾಗಿ ಡ್ರಮ್ ಸೇರುತ್ತಿದ್ದಂತೆ ಒಮ್ಮೆಲೇ ಸಿಡಿಯಬೇಕು. ಬಾಸ್ ಕಂಪನಿ 1978ರಿಂದ ತಯಾರಿಸುತ್ತಿರುವ ಸಣ್ಣ ಕಿತ್ತಳೆ ಬಣ್ಣದ ಡಿಎಸ್-1 ಪೆಡಲಿನಿಂದ ಕೋಬೇನ್ ಆಡಿಸಿದ್ದು ಇದೇ ಆಟವನ್ನು. ಈ ಹಠಾತ್ ಜಿಗಿತವನ್ನು ಸೂಕ್ಷ್ಮತೆಯ ಕೊರತೆ ಎಂದು ಬರೆಯುವವರಿಗೆ 1990ರ ದಶಕದ ರಾಕ್ ಕಿವಿಗೇ ಬಿದ್ದಿಲ್ಲ ಎಂದು ನಾನು ನಂಬುತ್ತೇನೆ.

ಸ್ವಿಚರ್ ಮರೆಮಾಡುವ ದೊಡ್ಡ ತೊಂದರೆ ಎಂದೆನಲ್ಲ, ಅದು ಲೆವೆಲ್. ಡಿಸ್ಟಾರ್ಷನ್ ಎಂದರೆ ಅಲೆಯ ತುದಿಗಳನ್ನು ಕತ್ತರಿಸುವುದು. ತುದಿ ಕತ್ತರಿಸಿದಾಗ ಆ ತುದಿಗೆ ಹೋಲಿಸಿದರೆ ಸರಾಸರಿ ಶಕ್ತಿ ಹೆಚ್ಚುತ್ತದೆ, ಕೋಣೆಯಲ್ಲಿ ಒಂಟಿಯಾಗಿ ನುಡಿಸುವಾಗ ಭಾರಿ ಜೋರಾಗಿ ಕೇಳುತ್ತದೆ. ವಾದಕ ಗಾಬರಿಯಾಗಿ ಲೆವೆಲ್ ಇಳಿಸಿ ಪ್ರಿಸೆಟ್ ಉಳಿಸಿಕೊಳ್ಳುತ್ತಾನೆ. ತಂಡದ ನಡುವೆ ನಿಂತಾಗ ಸಿಂಬಲ್‌ಗಳೂ ಬಾಸ್ ಗಿಟಾರೂ ಅದೇ ಜಾಗಕ್ಕೆ ನುಗ್ಗಿ ಡಿಸ್ಟಾರ್ಷನ್ ಹಿಂದೆ ಸರಿಯುತ್ತದೆ, ಪಲ್ಲವಿ ಚರಣಕ್ಕಿಂತ ಚಿಕ್ಕದಾಗುತ್ತದೆ. ಒಂದೇ ಪೆಡಲ್ ಇದ್ದವನು ಬಗ್ಗಿ ಲೆವೆಲ್ ನಾಬ್ ಸ್ವಲ್ಪ ತಿರುಗಿಸುತ್ತಾನೆ, ಮುಗಿಯಿತು. ಎಂಟು ಲೂಪ್, ನೂರಾರು ಪ್ರಿಸೆಟ್ ಇಟ್ಟುಕೊಂಡವನು ಸಣ್ಣ ಪರದೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾವ ಪ್ರಿಸೆಟ್‌ನಲ್ಲಿ ಯಾವ ಪೆಡಲ್ ಇದೆ ಎಂದು ಹುಡುಕುತ್ತಾನೆ. ಒಂದೇ ಪೆಡಲ್ ಹಲವು ಪ್ರಿಸೆಟ್‌ಗಳಲ್ಲಿ ಹಂಚಿಹೋಗಿದ್ದರೆ, ಒಂದಕ್ಕೆ ಸರಿಮಾಡಿದ ನಾಬ್ ಉಳಿದವುಗಳನ್ನು ಕೆಡಿಸುತ್ತದೆ.

ಡಿಲೇ, ಟ್ರೆಮೊಲೊ, ಎರಡು ಆಂಪ್ ಎಲ್ಲ ಒಂದೇ ತಾಳದಲ್ಲಿ ಬದಲಾಗಬೇಕಾದ ಸಂಗೀತ ನುಡಿಸುವವರಿಗೆ ಸ್ವಿಚರ್ ಬೇಕು, ಅವರು ಕೊಳ್ಳಲಿ. ಕ್ಲೀನ್ ಒಂದು, ಡಿಸ್ಟಾರ್ಷನ್ ಒಂದು ಸಾಕಾದವರಿಗೆ ಕ್ಲೀನ್ ಇಟ್ಟ ಆಂಪ್, ಅದರ ಮುಂದೆ ಒಂದು ಪೆಡಲ್, ಅಷ್ಟೇ. ಸ್ವಿಚರ್‌ಗೆ ಸುರಿಯುವ ಹಣದಲ್ಲಿ ಅಭ್ಯಾಸದ ಕೋಣೆ ಬಾಡಿಗೆಗೆ ಹಿಡಿದು, ಡ್ರಮ್ಮರ್‌ನನ್ನು ಕೂರಿಸಿಕೊಂಡು, ಪಲ್ಲವಿಗೆ ಮುಂಚಿನ ಆ ಸಿ ಮೈನರ್ ಒಂದನ್ನೇ ಗಂಟೆಗಟ್ಟಲೆ ತಿದ್ದಬಹುದು.