ಬಿದ್ದ ಜಾಗ ಬೇರೆ, ಹೊರಟ ಜಾಗ ಬೇರೆ

ಕಳೆದ ಭಾನುವಾರ ಈ ಪುಟವನ್ನೇ ಬಿಡಿಸಿ ಕಾರಿನ ಕೆಳಗೆ ಹಾಸಿದ್ದೆ. ಬೆಳಿಗ್ಗೆ ಎಳೆದು ನೋಡಿದರೆ ನನ್ನದೇ ಅಂಕಣದ ಎರಡನೆಯ ಕಾಲಮಿನ ಮೇಲೆ ಐದು ರೂಪಾಯಿ ನಾಣ್ಯದಗಲದ ಕಂದು ಕಲೆ, ಪಕ್ಕದಲ್ಲಿ ಒಗ್ಗರಣೆಯ ಸಾಸಿವೆ ಸಿಡಿದಂತೆ ನಾಲ್ಕಾರು ಚುಕ್ಕಿ. ನನ್ನ ಬರಹಕ್ಕೆ ಇಷ್ಟು ಖಚಿತವಾದ ವಿಮರ್ಶೆ ಬಂದದ್ದು ಇದೇ ಮೊದಲು.

ಪತ್ರಿಕೆ ಹಾಸುವುದು ಹಳೆಯ ಉಪಾಯ. ವಾಷಿಂಗ್ ಮೆಷಿನ್ ಬಂದ ರಟ್ಟಿನ ಪೆಟ್ಟಿಗೆ ಇದಕ್ಕಿಂತ ವಾಸಿ. ಪತ್ರಿಕೆಯ ಕಾಗದ ಎಣ್ಣೆಯನ್ನು ಹೀರಿ ಹರಡಿ, ಒಂದು ತೊಟ್ಟನ್ನು ಒಂದು ಸೌಟಿನಷ್ಟು ಮಾಡಿ ತೋರಿಸಿ ಗಾಬರಿ ಹುಟ್ಟಿಸುತ್ತದೆ. ರಟ್ಟನ್ನು ಹಾಸಿ, ಮುಂದಿನ ಎರಡು ಚಕ್ರಗಳು ಎಲ್ಲಿವೆ, ಬಂಪರ್ ಯಾವ ಕಡೆಗಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಹಾಕದಿದ್ದರೆ ಬೆಳಿಗ್ಗೆ ರಟ್ಟು ಕೈಗೆ ಬಂದಾಗ ಅದನ್ನು ಯಾವ ದಿಕ್ಕಿಗೆ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ದಿಕ್ಕು ತಪ್ಪಿದ ರಟ್ಟನ್ನು ಹಿಡಿದು ನಾನೊಮ್ಮೆ ಅರ್ಧ ದಿನ ಸ್ಟೀರಿಂಗ್ ಬಾಕ್ಸನ್ನು ಅನುಮಾನಿಸಿದ್ದೇನೆ. ಅದು ಪಾಪ, ಒಣಗಿ ಕೂತಿತ್ತು.

ಗರಾಜಿನಲ್ಲಿ ಎಲ್ಲಕ್ಕೂ ಒಂದೇ ಮಾತು: ಲೀಕು. ನಮ್ಮ ಮಾತಿನಲ್ಲಿ ಅದಕ್ಕೆ ಎಷ್ಟೊಂದು ಮೆಟ್ಟಿಲುಗಳಿವೆ ನೋಡಿ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ಸುರಿಯುವುದು. ಪ್ಯಾಕಿಂಗಿನ ಅಂಚಿನಲ್ಲಿ ಧೂಳು ಕೂತು ಕಪ್ಪು ಮೇಣದಂತಾಗಿದ್ದರೆ ಅದು ಒಸರು. ಒರೆಸಿ ಒಂದು ವಾರ ಬಿಟ್ಟು ನೋಡಿ, ಅಷ್ಟೇ ಇರುತ್ತದೆ. ಒರೆಸಿದ ಜಾಗ ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಬರುವಷ್ಟರಲ್ಲಿ ಮತ್ತೆ ಹಸಿಯಾದರೆ ಜಿನುಗು. ನಿಂತ ಗಾಡಿಯ ಕೆಳಗೆ ಚುಕ್ಕಿ ಬಿದ್ದರೆ ತೊಟ್ಟು. ನಲವತ್ತು ವರ್ಷದ ಎಂಜಿನ್ ಒಸರಿದರೆ ನಾನು ಸ್ಪ್ಯಾನರ್ ಮುಟ್ಟುವುದಿಲ್ಲ. ಒಸರು ನಿಲ್ಲಿಸಲು ಹೋಗಿ ಅದನ್ನು ತೊಟ್ಟಾಗಿಸಿಕೊಂಡವರು ಬಹಳ ಮಂದಿ. ಅವರಲ್ಲಿ ಒಬ್ಬನ ಕಥೆ ಮುಂದೆ ಬರುತ್ತದೆ.

ಈ ಲೆಕ್ಕ ಎಂಜಿನ್ ಆಯಿಲಿಗೆ ಮಾತ್ರ. ಹಾಗಾಗಿ ಮೊದಲು ಬಿದ್ದದ್ದು ಏನೆಂದು ಗೊತ್ತಾಗಬೇಕು. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಸಿ, ಬಿಳಿ ಬಟ್ಟೆಗೆ ಒರೆಸಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಎಂಜಿನ್ ಆಯಿಲ್ ಹೊಸದಾದರೆ ಜೇನಿನ ಬಣ್ಣ, ಓಡಿದ್ದಾದರೆ ಕಪ್ಪು, ಸುಟ್ಟ ವಾಸನೆ. ಗೇರ್ ಆಯಿಲ್ ಅದಕ್ಕಿಂತ ಮಂದ. ಅದರ ಗಂಧಕದ ನಾತವನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ, ಅಂಗಿಯೂ ನಾಲ್ಕು ಒಗೆತಕ್ಕೆ ಮರೆಯುವುದಿಲ್ಲ. ಕೂಲೆಂಟ್ ಹಸಿರೋ ಗುಲಾಬಿಯೋ ಇರುತ್ತದೆ, ನೀರಿನ ಹಾಗೆ ಹರಿದರೂ ಬೆರಳಿಗೆ ಜಾರು, ವಾಸನೆ ಸಿಹಿ. ಹಳೆಯ ಮೆಕ್ಯಾನಿಕ್‌ಗಳು ನಾಲಗೆಯ ತುದಿಗಿಟ್ಟು ನೋಡುತ್ತಿದ್ದುದನ್ನು ಕಂಡಿದ್ದೇನೆ. ನೀವು ಇಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಗೆ ಆಸೆಪಟ್ಟು ನೆಕ್ಕಿದ ಬೀದಿನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನೆಲಕ್ಕೆ ಬಿದ್ದದ್ದನ್ನು ಕೂಡಲೇ ತೊಳೆದು ಬಿಡಿ. ಬೇಸಿಗೆಯಲ್ಲಿ ಏಸಿ ಕಾರಿನ ಎಡಗಡೆ ಮುಂಭಾಗದಲ್ಲಿ ಬೀಳುವ ತಿಳಿನೀರು ಗಾಳಿಯ ತೇವ ತಣಿದು ಬಂದದ್ದು. ಅದಕ್ಕೆ ಯಾರಾದರೂ ಬಿಲ್ಲು ಬರೆದರೆ ಎದ್ದು ಬನ್ನಿ.

ಬ್ರೇಕ್ ಆಯಿಲಿನ ವಿಷಯದಲ್ಲಿ ಮಾತ್ರ ನನಗೆ ದಾಕ್ಷಿಣ್ಯವಿಲ್ಲ. ಹೆಸರು ಆಯಿಲ್, ಜಾತಿ ಬೇರೆ. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಬಳಗದವು. ನೀರು ಹೊಯ್ದರೆ ತೊಳೆದುಹೋಗುತ್ತವೆ, ಪೇಂಟಿನ ಮೇಲೆ ಬಿದ್ದರೆ ಪೇಂಟನ್ನೇ ಎಬ್ಬಿಸುತ್ತವೆ. ಚಕ್ರದ ಒಳಮೈ ಒದ್ದೆಯಾಗಿದ್ದು, ಒದ್ದೆಯಾದ ಕಡೆ ಬಣ್ಣ ಸುಕ್ಕುಗಟ್ಟಿದ್ದರೆ ವೀಲ್ ಸಿಲಿಂಡರಿನ ರಬ್ಬರ್ ಸೋತಿದೆ ಎಂದು ಅರ್ಥ. ಗಾಡಿ ಅಲ್ಲೇ ನಿಲ್ಲಬೇಕು. ‘ಕಮ್ಮಿ ಆಗಿದೆ, ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಊರು ಸೇರೋಣ’ ಎಂದವರುಂಟು. ಬ್ರೇಕಿನ ರಬ್ಬರಿಗೆ ಖನಿಜ ತೈಲ ತಗುಲಿದರೆ ಅದು ಹಪ್ಪಳದ ಹಾಗೆ ಉಬ್ಬಿ, ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರದವರೆಗೆ ಎಲ್ಲವೂ ಹಾಳು. ಇನ್ನೊಂದು ಗುಣ, ಇದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅಳತೆ. ತೇವ ಹೀರಿದ ಮೇಲೆ ಆ ಅಳತೆ 140ಕ್ಕೆ ಇಳಿಯುತ್ತದೆ. ಚಾರ್ಮಾಡಿ ಇಳಿಯುವಾಗ ಬ್ರೇಕ್ ತುಳಿದು ತುಳಿದು ಡ್ರಮ್ ಕಾದರೆ ಒಳಗೆ ಆವಿಯೇಳುತ್ತದೆ, ಪೆಡಲು ಮೆತ್ತಗೆ ನೆಲ ಮುಟ್ಟುತ್ತದೆ. ಅದಕ್ಕೇ ಸಿಲಿಂಡರ್ ಬಿಚ್ಚಿದಾಗ ಉಳಿದ ಹಳೆಯದರ ಮೇಲೆ ಹೊಸತನ್ನು ಸುರಿಯದೆ ಪೂರ್ತಿ ಬದಲಿಸಿ. ಒಂದು ಚಕ್ರದ ರಬ್ಬರ್ ಹೋಗಿದ್ದರೆ ಎದುರಿನ ಚಕ್ರದ್ದನ್ನೂ ಹಾಕಿಸಿ. ನೆಂದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಕುವುದಂತೂ ಬೇಡವೇ ಬೇಡ.

ಈಗ ನನ್ನ ಕಲೆಯ ಕಥೆ.

ನನ್ನದು 1984ರ ಅಂಬಾಸಿಡರ್ ಮಾರ್ಕ್ 4. ಒಳಗಿರುವುದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್, ಇಂಗ್ಲೆಂಡಿನ ಬಿ-ಸೀರೀಸ್ ವಂಶದ್ದು. ಕಾರಿನ ಒಡಲು ಮಾರಿಸ್ ಆಕ್ಸ್‌ಫರ್ಡಿನದು. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ಅಂಬಾಸಿಡರ್ ತಯಾರಾಗುತ್ತಿತ್ತು. ಕಲೆ ಬಿದ್ದದ್ದು ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಬೆಲ್ ಹೌಸಿಂಗಿನ ನೇರ ಕೆಳಗೆ. ಗರಾಜಿನ ಹುಡುಗ ಮಲಗಿ ಟಾರ್ಚ್ ಬಿಟ್ಟು ನೋಡಿ ಎದ್ದ.

“ಹಿಂದಿನ ಆಯಿಲ್ ಸೀಲ್ ಹೋಗಿದೆ ಸಾರ್. ಗೇರ್‌ಬಾಕ್ಸ್ ಇಳಿಸ್ಬೇಕು. ಎರಡು ದಿನದ ಕೆಲಸ.”

“ಈ ಎಂಜಿನ್ನಿಗೆ ಹಿಂದುಗಡೆ ಸೀಲೇ ಇಲ್ಲವಲ್ಲಪ್ಪ,” ಎಂದೆ.

ಅವನು ನನ್ನನ್ನು ಕರುಣೆಯಿಂದ ನೋಡಿದ. ಅವನ ತಪ್ಪೂ ಅಲ್ಲ. ಅವನು ಹುಟ್ಟುವ ಹೊತ್ತಿಗೆ ಎಲ್ಲ ಎಂಜಿನ್ನುಗಳ ಹಿಂದೆಯೂ ರಬ್ಬರ್ ಸೀಲ್ ಬಂದಾಗಿತ್ತು. ನನ್ನ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಹಿಂತುದಿಗೆ ತಿರುಪಿನ ಎಳೆಯಂಥ ಒಂದು ತೋಡನ್ನು ಕೊರೆದಿದ್ದಾರೆ. ಕ್ರ್ಯಾಂಕ್ ತಿರುಗಿದಂತೆಲ್ಲ ಆ ತಿರುಪು ತನ್ನ ಕಡೆ ಬಂದ ಎಣ್ಣೆಯನ್ನು ಮರಳಿ ಚೇಂಬರಿಗೇ ತಳ್ಳುತ್ತದೆ. ಸುತ್ತಲಿನ ಲೋಹಕ್ಕೂ ಅದಕ್ಕೂ ಕೂದಲಿನಷ್ಟು ಸಂದು, ಉಜ್ಜುವುದು ಏನೂ ಇಲ್ಲ, ಸವೆಯುವುದೂ ಇಲ್ಲ. ಜಾಣ ಏರ್ಪಾಡು. ಒಂದೇ ತೊಡಕೆಂದರೆ ಎಂಜಿನ್ ನಿಂತ ಮೇಲೆ ತಳ್ಳುವವರಿರುವುದಿಲ್ಲ. ಅಲ್ಲಿ ಉಳಿದ ನಾಲ್ಕು ಹನಿ ಸಂದಿನಿಂದ ನಿಧಾನವಾಗಿ ಆಚೆಗೆ ಹೊರಡುತ್ತವೆ. ಮೂತಿ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನಷ್ಟು. ಇದೇ ವಂಶದ ಎಂಜಿನ್ ಹೊತ್ತು 1962ರಲ್ಲಿ ಬಂದ ಎಂಜಿಬಿ ಕಾರಿಗೆ 1964ರಲ್ಲಿ ಮೂರರ ಬದಲು ಐದು ಮೇನ್ ಬೇರಿಂಗ್ ಬಂದಾಗ ಹಿಂದೆ ಸೀಲೂ ಬಂತು. ನನ್ನ 84ರ ಗಾಡಿಗೆ ಆ ಭಾಗ್ಯ ಬರಲಿಲ್ಲ. ಅಂದಮೇಲೆ ಎರಡು ತೊಟ್ಟು ಅದರ ಹುಟ್ಟುಗುಣ. ಐದು ರೂಪಾಯಿ ನಾಣ್ಯದ ಕಲೆಗೆ ಬೇರೆ ಕಾರಣವಿರಬೇಕು.

ನಾವು ಎಣ್ಣೆ ಬಿದ್ದಲ್ಲಿ ನೋಡುತ್ತೇವೆ. ಎಣ್ಣೆ ಅಲ್ಲಿಂದ ಹೊರಟಿರುವುದಿಲ್ಲ. ಗಾಡಿ ಓಡುವಾಗ ಫ್ಯಾನಿನ ಗಾಳಿ, ರಸ್ತೆಯ ಗಾಳಿ ಎರಡೂ ಸೇರಿ ಅದನ್ನು ಹಿಂದಕ್ಕೆ ಒತ್ತುತ್ತವೆ. ಬ್ಲಾಕಿನ ಅಂಚು, ಬೋಲ್ಟಿನ ತಲೆ, ವೈರಿನ ಹೊದಿಕೆ ಸಿಕ್ಕಿದ್ದನ್ನು ಹಿಡಿದು ಅದು ಇಳಿಯುತ್ತದೆ. ಮಳೆಗಾಲದಲ್ಲಿ ಹೆಂಚಿನ ಮನೆ ಸೋರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬೀಳುವುದು ನಡುಮನೆಯಲ್ಲಿ, ಒಡೆದ ಹೆಂಚು ಇರುವುದು ಅಡುಗೆಮನೆಯ ಮೇಲೆ, ನಡುವೆ ರೀಪು ಹಿಡಿದು ಬಂದಿರುತ್ತದೆ. ಆದ್ದರಿಂದ ಹಸಿಯಿರುವುದರಲ್ಲಿ ಅತ್ಯಂತ ಮೇಲಿನ, ಅತ್ಯಂತ ಮುಂದಿನ ಜಾಗವನ್ನು ಹುಡುಕಬೇಕು.

ಅದಕ್ಕೆ ಎಂಜಿನ್ ಶುಚಿಯಾಗಿರಬೇಕು. ವಾಟರ್ ಸರ್ವಿಸ್‌ನವರ ರಭಸದ ನೀರು ಬೇಡ, ಡಿಸ್ಟ್ರಿಬ್ಯೂಟರಿಗೆ ನುಗ್ಗಿ ಇನ್ನೊಂದು ರಗಳೆ ತರುತ್ತದೆ. ತಣ್ಣಗಿರುವ ಎಂಜಿನ್ನಿಗೆ ಬ್ರಷ್ಷಿನಲ್ಲಿ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ, ಬನಿಯನ್ ವೇಸ್ಟಿನಲ್ಲಿ ಒರೆಸಿ, ಒಂದು ದಿನ ಒಣಗಲು ಬಿಟ್ಟೆ. ಆಮೇಲೆ ಮಗಳ ಟಾಲ್ಕಂ ಪೌಡರ್ ಡಬ್ಬಿ ಕದ್ದು ಬ್ಲಾಕಿನ ಎರಡೂ ಕಡೆ ತೂರಿದೆ. ಟಾಲ್ಕ್ ಎಂದರೆ ಬೇಲೂರು ಹಳೇಬೀಡಿನಲ್ಲಿ ಶಿಲ್ಪಿಗಳು ಉಳಿಯಿಟ್ಟರಲ್ಲ, ಆ ಬಳಪದ ಕಲ್ಲಿನ ಬಳಗದ ಪುಡಿ. ಎಣ್ಣೆಯ ಕೂದಲೆಳೆ ಸೋಕಿದರೂ ಅದರ ಮೇಲೆ ಕಪ್ಪು ಗೆರೆ ಮೂಡುತ್ತದೆ. ನಂಜನಗೂಡಿನವರೆಗೆ ಹೋಗಿ ಬಂದು ಬಾನೆಟ್ ಎತ್ತಿದಾಗ ಮಲ್ಲಿಗೆಯ ಪರಿಮಳ, ಎಡಮಗ್ಗುಲಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಒಂದು ಕಪ್ಪು ಗೆರೆ.

ಆ ಗೆರೆ ಹೊರಟದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವ ಹಿಂದಿನ ಸೈಡ್ ಕವರಿನಿಂದ. ಈ ಎಂಜಿನ್ನಿಗೆ ಟ್ಯಾಪೆಟ್‌ಗಳ ಮಗ್ಗುಲಲ್ಲಿ ತಗಡಿನ ಎರಡು ಕವರುಗಳಿವೆ. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟು, ಒಳಗೆ ಕಾರ್ಕ್ ಪ್ಯಾಕಿಂಗು. ಮೇಲೆ ಮ್ಯಾನಿಫೋಲ್ಡಿನ ಕಾವಿಗೆ ಕಾರ್ಕ್ ಬೆಂದು ಗಟ್ಟಿಯಾಗುತ್ತದೆ. ಅಲ್ಲಿಂದ ಹೊರಟ ಎಣ್ಣೆ ಬ್ಲಾಕಿನ ಮೇಲೆ ಜಾರಿ, ಹಿಂದಿನ ಪ್ಲೇಟು ಹಿಡಿದು, ಬೆಲ್ ಹೌಸಿಂಗಿನ ತಳದಲ್ಲಿ ತೊಟ್ಟಾಗಿ, ಹಿಂದಿನ ಸೀಲೇ ಹೋಯಿತೆಂದು ಎಲ್ಲರನ್ನೂ ನಂಬಿಸುತ್ತದೆ.

ಕವರನ್ನು ಬಿಚ್ಚಿ ಮೇಜಿನ ಮೇಲೆ ಬೋರಲಿಟ್ಟರೆ ಅದು ತೊಟ್ಟಿಲಿನ ಹಾಗೆ ತೂಗಿತು. ನಡುವೆ ಒಳಕ್ಕೆ ತಗ್ಗು, ಅಂಚುಗಳು ಮೇಲಕ್ಕೆ. ಕಳೆದ ವರ್ಷ ಆಯುಧಪೂಜೆಗೆ ಮುಂಚೆ ಅಲ್ಲಿ ಸ್ವಲ್ಪ ಒಸರು ಕಂಡು, ಹೂವಿನ ಹಾರ ಹಾಕುವ ಗಾಡಿ ಚೊಕ್ಕಟವಾಗಿರಲೆಂದು, ಆ ಒಂದೇ ಬೋಲ್ಟನ್ನು ಹಲ್ಲು ಕಚ್ಚಿ ಬಿಗಿದವನು ನಾನೇ. ಹುಡುಗ ತಗ್ಗನ್ನೂ ನನ್ನನ್ನೂ ನೋಡಿದ, ಏನೂ ಕೇಳಲಿಲ್ಲ. ಒಳ್ಳೆಯ ಹುಡುಗ.

ಅಂಚನ್ನು ಮಟ್ಟಸವಾದ ಕಬ್ಬಿಣದ ಮೇಲಿಟ್ಟು, ಮರದ ತುಂಡು ಅಡ್ಡ ಕೊಟ್ಟು ತಟ್ಟಿ ಸರಿ ಮಾಡಿದವನು ಅವನೇ. ಪ್ಯಾಕಿಂಗು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರೆಡಿ ಸಿಗುತ್ತದೆ. ಆದರೆ ಅವನ ಹತ್ತಿರ ಕಾರ್ಕ್ ಶೀಟ್ ಇತ್ತು. ಕವರನ್ನು ಶೀಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಬ್ಲೇಡಿನಲ್ಲಿ ಒಂದೇ ಎಳೆತಕ್ಕೆ ಕೊಯ್ದ. ಕಾಗದದ ಪ್ಯಾಕಿಂಗ್ ಆಗಿದ್ದರೆ ಬ್ಲೇಡೂ ಬೇಡ. ಹಾಳೆಯನ್ನು ಭಾಗದ ಮೇಲೆ ಒತ್ತಿ ಹಿಡಿದು ಗುಂಡುತಲೆಯ ಸುತ್ತಿಗೆಯಲ್ಲಿ ಅಂಚಿನುದ್ದಕ್ಕೂ ಮೆಲ್ಲಗೆ ಕುಟ್ಟುತ್ತಾ ಹೋದರೆ ಲೋಹದ ಅಂಚೇ ಅದನ್ನು ಕತ್ತರಿಸುತ್ತದೆ. ಈ ಕೆಲಸ ನೋಡುವುದಕ್ಕೇ ನಾನು ಗರಾಜುಗಳಲ್ಲಿ ಎಷ್ಟೋ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತಿದ್ದೇನೆ.

ಕವರಿನ ಬದಿಗೆ ಮಾತ್ರ ತೆಳುವಾಗಿ ಗಮ್ ಹಚ್ಚಿದ. ಸಿಲಿಕಾನ್ ಪೇಸ್ಟನ್ನು ಕೇಕಿನ ಕ್ರೀಮಿನ ಹಾಗೆ ಹಿಂಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬಿರುತ್ತದೆ. ಒಂದು ದಿನ ಅದು ಕಿತ್ತು ಚೇಂಬರಿನಲ್ಲಿ ತೇಲಿ, ಆಯಿಲ್ ಪಂಪಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಎಣ್ಣೆ ಹೊರಗೆ ಹೋಗುವುದು ನಿಂತಿತು, ಬೇರಿಂಗಿಗೆ ಹೋಗುವುದೂ ನಿಂತಿತು. ಬೋಲ್ಟನ್ನು ಈ ಸಲ ಬೆರಳಲ್ಲಿ ತಿರುಗುವಷ್ಟು ತಿರುಗಿಸಿ, ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಕೊಟ್ಟೆವು. ಕಾರ್ಕ್ ಉಬ್ಬಿ ಹೊರಗೆ ಇಣುಕಬಾರದು.

ಇಷ್ಟಕ್ಕೇ ಬಾನೆಟ್ ಹಾಕಿಬಿಡುವವನಿದ್ದೆ. ಆಗ ಬ್ರೀದರ್ ಪೈಪು ನೆನಪಾಯಿತು. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಯಾವಾಗಲೂ ಕೆಳಗಿಳಿಯುತ್ತದೆ. ಹೊರಹೋಗಲು ಅದಕ್ಕೊಂದು ದಾರಿ ಬೇಕು. ಆ ಪೈಪು ಮಸಿ, ಜಿಡ್ಡು ಕಟ್ಟಿ ಮುಚ್ಚಿದರೆ ಒತ್ತಡ ಏರಿ, ಯಾವ ಪ್ಯಾಕಿಂಗ್ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ದಬ್ಬುತ್ತದೆ. ಒಂದು ಲೀಕು ಮುಚ್ಚಿದೊಡನೆ ಇನ್ನೊಂದು ಹುಟ್ಟುವ ಗಾಡಿಗಳಿಗೆಲ್ಲ ಮೊದಲು ನೋಡಬೇಕಾದದ್ದು ಇದನ್ನೇ. ನನ್ನ ಪೈಪಿನಿಂದ ತಂತಿ ತೂರಿಸಿ ತೆಗೆದ ಕರಿ ಮಡ್ಡಿ ಒಂದು ಕಾಫಿ ಲೋಟ ತುಂಬಿತು.

ರೇಡಿಯೇಟರ್ ಸೋರಿಕೆಯದು ಇನ್ನೊಂದು ಅಂಕಣಕ್ಕಾಗುವಷ್ಟಿದೆ. ಒಂದು ಮಾತು ಮಾತ್ರ ಈಗಲೇ. ವಾಟರ್ ಪಂಪಿನ ಹೊಟ್ಟೆಯಲ್ಲಿ ಸಣ್ಣ ತೂತಿರುತ್ತದೆ. ಅದರಿಂದ ನೀರು ಬಂದರೆ ಎಂ-ಸೀಲ್ ಮೆತ್ತಬೇಡಿ. ಒಳಗಿನ ಸೀಲ್ ಸತ್ತಿದೆ ಎಂದು ಹೇಳುವುದಕ್ಕೇ ಆ ತೂತು ಇಟ್ಟಿದ್ದಾರೆ. ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ. ಲಾರಿ ಡ್ರೈವರುಗಳು ರೇಡಿಯೇಟರಿಗೆ ಹಾಕುವ ಒಂದು ಹಿಡಿ ಅರಿಶಿನದ ಪುಡಿಯನ್ನು, ಪೆಟ್ರೋಲ್ ಟ್ಯಾಂಕಿನ ಬಿರುಕಿಗೆ ಉಜ್ಜುವ ಬಾರ್ ಸೋಪನ್ನು ನಾನು ಹಾಸ್ಯ ಮಾಡುವುದಿಲ್ಲ. ಎರಡೂ ನನ್ನನ್ನು ಮನೆ ಸೇರಿಸಿವೆ. ಆದರೆ ಮನೆ ಸೇರಿದ ಮಾರನೆಯ ದಿನ ಟ್ಯಾಂಕನ್ನೂ ರೇಡಿಯೇಟರನ್ನೂ ಬಿಚ್ಚಿದ್ದೇನೆ. ಅರಿಶಿನಕ್ಕೆ ಸೋರುವ ತೂತು ಯಾವುದು, ನೀರು ಓಡಾಡುವ ಸಣ್ಣ ಕೊಳವೆ ಯಾವುದು ಎಂಬ ಭೇದ ಗೊತ್ತಿಲ್ಲ.

ಇದನ್ನೆಲ್ಲ ನೋಡಲು ಕೆಳಗೆ ನುಸುಳುವವರು ಜಾಕಿಯೊಂದನ್ನೇ ನಂಬಿ ನುಸುಳಬೇಡಿ. ಸಿಮೆಂಟ್ ಇಟ್ಟಿಗೆಯನ್ನೂ ನಂಬಬೇಡಿ, ಅದು ಬಿರುಕು ಬಿಡುವ ಮುನ್ನ ಸುಳಿವು ಕೊಡುವುದಿಲ್ಲ. ಕಬ್ಬಿಣದ ಸ್ಟ್ಯಾಂಡುಗಳೇ ಬೇಕು, ಸಮತಟ್ಟಾದ ನೆಲ ಬೇಕು.

ನಿನ್ನೆ ರಾತ್ರಿ ರಟ್ಟು ಹಾಸಿದ್ದೆ, ಗುರುತು ಹಾಕಿಯೇ. ಬೆಳಿಗ್ಗೆ ಬೆಲ್ ಹೌಸಿಂಗಿನ ಕೆಳಗೆ ಎರಡೇ ತೊಟ್ಟು. ಕ್ರ್ಯಾಂಕಿನ ತಿರುಪು ತನ್ನ ಪಾಲಿನದನ್ನು ಎಂದಿನಂತೆ ಹಾಕಿದೆ. ಅಲ್ಲಿಗೆ ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಮರದ ಹೊಟ್ಟು ತುಂಬಿಸಿ ಇಟ್ಟಿದ್ದೇನೆ. ಮಗಳಿಗೆ ಹೊಸ ಪೌಡರ್ ಡಬ್ಬಿ ತರಬೇಕು.