ಬುಕಾನನ್ನನ ಪ್ರವಾಸಗ್ರಂಥ

ರಾಜರ ಜಯಾಪಜಯಗಳೇ ಚರಿತ್ರೆಯೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಒಕ್ಕಲಿಗನ ನೇಗಿಲು, ನೇಕಾರನ ಮಗ್ಗ, ಕೂಲಿಯಾಳಿನ ಸಂಬಳಗಳೂ ಚರಿತ್ರೆಯೇ ಎಂಬುದಕ್ಕೆ ಫ್ರಾನ್ಸಿಸ್ ಬುಕಾನನ್ನನ ಗ್ರಂಥವು ಸಾಕ್ಷಿಯಾಗಿದೆ. ವೈದ್ಯನಾದ ಈತನು ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮಧುಗಿರಿ, ಶಿರಾ ಸೀಮೆಗಳಲ್ಲಿಯೂ ಸಂಚರಿಸಿ, ಬೆಳೆ, ಅಳತೆ, ಕೂಲಿ, ಜಾತ್ಯಾಚಾರಗಳನ್ನು ವಿಚಾರಿಸಿ ಬರೆದಿಟ್ಟನು. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ದಿನಚರಿಯ ರೂಪವೇ ಅದರ ಗುಣವೂ ದೋಷವೂ ಹೌದು. ಕಂಡದ್ದು ಕಂಡಂತೆಯೇ ಉಳಿಯಿತು; ಒಂದೇ ವಿಷಯವು ಹತ್ತು ಕಡೆ ಚದುರಿತು. ಆದರೆ ಗೆದ್ದ ನಾಡಿನ ಸಾರವನ್ನರಿಯಲು ಕಂಪೆನಿಯು ಮಾಡಿಸಿದ ವಿಚಾರಣೆಯಿದು. ಉತ್ತರವಿತ್ತ ರೈತನ ಮನಸ್ಸಿನಲ್ಲಿದ್ದ ಕಂದಾಯದ ಭಯವು ಯಾವ ಅಂಕಿಯಲ್ಲಿಯೂ ಕಾಣದು. ಆದಕಾರಣ ಹಳೆಯ ಶ್ಯಾನುಭೋಗರ ಮನೆಗಳಲ್ಲಿ ಉಳಿದ ಕಡತಗಳೊಡನೆ ತೂಗಿ ನೋಡಿದಲ್ಲದೆ ಆತನ ಲೆಕ್ಕಗಳನ್ನು ಪ್ರಮಾಣವೆನ್ನಲಾಗದು. ಗೆದ್ದಲು ಅವನ್ನು ಓದಿ ಮುಗಿಸುವ ಮೊದಲೇ ನಮ್ಮವರು ಓದತಕ್ಕದ್ದು.